ಪದಚರ್ಚೆ: ಬೀಮ್, ಚಾರ್ಜ್ ಬ್ರೀಡಿಂಗ್, ಹೇಲೋ ಇವಕ್ಕೆ ಕನ್ನಡದಲ್ಲಿ ಏನು?

ಹಾಸನದ ಪಿಯು ಮಕ್ಕಳಿಗೆಂದು ವಿಲಕ್ಷಣ ಬೀಜಕೇಂದ್ರಗಳ (ನಿಸರ್ಗದಲ್ಲಿ ಸಾಮಾನ್ಯವಾಗಿ ಕಾಣದ, ಬೇಗ ಕ್ಷಯಿಸುವ ಪರಮಾಣು ಬೀಜಗಳ) ಮೇಲೆ ಕಿರುಹೊತ್ತಗೆಯೊಂದು ತಯಾರಾಗುತ್ತಿದೆ. ಕೆಲವು ಪದಗಳು ಇತ್ಯರ್ಥವಾಗಿಲ್ಲ.

ಇಂಥ ಬೀಜಕೇಂದ್ರಗಳು ಸಾಲಾಗಿ ಹರಿಯುವ ಬೀಮ್‌ಗೆ ‘ದೂಲ’ ಎಂದರೆ ತೊಟ್ಟಿಮನೆಯ ಅಟ್ಟ ಹೊತ್ತ ಮರವೇ ಕಣ್ಣಿಗೆ ಬರುತ್ತದೆ. ‘ವಿಕಿರಣ ಕಿರಣ’ ಇನ್ನೂ ತಪ್ಪು: ಹರಿಯುವುದು ಗಾಮಾದಂಥ ವಿಕಿರಣವಲ್ಲ, ತಾವೇ ಕ್ಷಯಿಸುವ ಅಯಾನುಗಳು. ‘ವಿಕಿರಣಶೀಲ ಅಯಾನುಗಳ ಹೊನಲು’ ಎಂದು ಬರೆದಿದ್ದೇನೆ. ಸಲ್ಲುತ್ತದೆಯೇ?

ಅಯಾನುಗಳನ್ನು ವಿಂಗಡಿಸುವ ಸಾಧನಕ್ಕೆ (ಸೆಪರೇಟರ್) ‘ಬೇರ್ಪಡಕ’ದ ಬದಲು ‘ಜರಡಿ’ ಎನ್ನುವ ಆಸೆ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಇಂಥ ಹೊನಲು ತಯಾರಿಸುವ ಐಸೋಲ್ಡೆ ಕೇಂದ್ರದಲ್ಲಿ 1.4 ಜಿಇವಿ ಶಕ್ತಿಯ ಪ್ರೋಟಾನುಗಳು ಯುರೇನಿಯಂ ಕಾರ್ಬೈಡ್ ಗುರಿಗೆ ಬಡಿಯುತ್ತವೆ. ಗುರಿಯನ್ನು ಸುಮಾರು 2000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿರುತ್ತಾರೆ. ಕಾವು ಸಾಲದಿದ್ದರೆ ಅಲ್ಪಾಯುಷಿ ಪರಮಾಣುಗಳು ಹೊರಬರುವ ಮೊದಲೇ ಒಳಗೇ ಕ್ಷಯಿಸುತ್ತವೆ. ಹೊರಬಂದವನ್ನು ಅಯಾನು ಮಾಡಿ, 30ರಿಂದ 60 ಕೆಇವಿ ಶಕ್ತಿಗೆ ಎಳೆದು, ಕಾಂತದಲ್ಲಿ ಬಾಗಿಸಿ ರಾಶಿಯ (ಮಾಸ್) ಆಧಾರದ ಮೇಲೆ ವಿಂಗಡಿಸುತ್ತಾರೆ. ತೊಡಕು ಇಲ್ಲೇ. ಕಾಫಿ ಕ್ಯೂರಿಂಗಿನಲ್ಲಿ ಜರಡಿ ಗಾತ್ರ ನೋಡುತ್ತದೆಯೇ ಹೊರತು ಬಣ್ಣವನ್ನಲ್ಲ. ಅದೇ ಗಾತ್ರದ ಕಪ್ಪು ಬೀಜವೂ ಜೊತೆಗೆ ಇಳಿಯುತ್ತದೆ. ಹಾಗೆಯೇ ಒಂದೇ ರಾಶಿಸಂಖ್ಯೆಯ ಬೇರೆ ಧಾತು ಹೊನಲಿನಲ್ಲಿ ಸೇರಿಬಿಡುತ್ತದೆ. ಬೇಕಾದ ಧಾತುವನ್ನಷ್ಟೇ ಅಯಾನು ಮಾಡುವಂತೆ ತರಂಗಾಂತರ ಹೊಂದಿಸಿದ ಲೇಸರು ಇಲ್ಲಿ ಬಣ್ಣ ಆರಿಸುವ ಯಂತ್ರವಿದ್ದಂತೆ. ಅದೂ ಪೂರ್ತಿ ತಡೆಯದು: ಕಾದ ಗೋಡೆಗೆ ತಾಗಿಯೇ ಅಯಾನಾಗುವ ಕ್ಷಾರಲೋಹಗಳು ನುಸುಳುತ್ತವೆ.

ಮುಂದೆ ವೇಗವರ್ಧನೆ. ಒಂದೇ ಧನ ಆವೇಶದ ಭಾರದ ಅಯಾನನ್ನು ತಳ್ಳಲು ತೀರ ಉದ್ದನೆಯ ಯಂತ್ರ ಬೇಕಾಗುತ್ತದೆ. ಅದಕ್ಕೇ ಎಲೆಕ್ಟ್ರಾನ್ ಹೊನಲಿನಲ್ಲಿ ಅಯಾನನ್ನು ಕೂಡಿಹಾಕಿ, ರಾಶಿ–ಆವೇಶದ ಅನುಪಾತ 4.5ಕ್ಕಿಂತ ಕೆಳಗಿಳಿಯುವವರೆಗೆ ಎಲೆಕ್ಟ್ರಾನು ಕಳೆಯುತ್ತಾರೆ. ಇಂಗ್ಲಿಷಿನವರು ಇದನ್ನು ಬ್ರೀಡಿಂಗ್ ಅಂದರೆಂದು ನಾವು ‘ಆವೇಶ ಸಂತಾನವೃದ್ಧಿ’ ಅನ್ನಬೇಕೇ? ಅಡಿಕೆ ಸುಲಿದಂತೆ ‘ಸುಲಿತ’ ಚೆನ್ನಾಗಿದೆ, ಆದರೆ ತೆಳು ಹಾಳೆಯಲ್ಲಿ ಹಾಯಿಸಿ ಎಲೆಕ್ಟ್ರಾನು ಕೀಳುವ ಬೇರೆಯೇ ವಿಧಾನಕ್ಕೆ ಅದು ಮೀಸಲಿರಲಿ. ಇದಕ್ಕೆ ‘ಕಳಚಿಕೆ’ ಸಾಕೆಂದು ನನ್ನ ಮತ.

ಕೊನೆಗೆ ಹೇಲೋ, ಅಂದರೆ ಕೆಲವು ಬೀಜಕೇಂದ್ರಗಳ ಸುತ್ತ ಸಡಿಲವಾಗಿ ದೂರಕ್ಕೆ ಹರಡಿಕೊಂಡ ಹೊರ ನ್ಯೂಟ್ರಾನುಗಳ ಸೆರಗು. ಲೀಥಿಯಂ–11ರ ಹೊರಗಿನ ಎರಡು ನ್ಯೂಟ್ರಾನು ಬಿಡಿಸಲು ಸುಮಾರು 0.37 ಎಂಇವಿ ಸಾಕು. ಸಾಮಾನ್ಯ ಬೀಜಕೇಂದ್ರದಲ್ಲಿ ಒಂದಕ್ಕೇ 8 ಎಂಇವಿ ಆಸುಪಾಸು ಬೇಕು. ಅಷ್ಟು ಸಡಿಲವಾದ ಸೆರಗಿಗೆ ‘ಪ್ರಭಾವಳಿ’ ಒಗ್ಗದು. ಬೇಲೂರಿನ ಪ್ರಭಾವಳಿ ಗಟ್ಟಿ ಕಲ್ಲು. ‘ಪರಿವೇಷ’ ಸರಿ, ಕೊಂಚ ಗ್ರಾಂಥಿಕ. ಚಂದ್ರ ‘ಗುಡಿ ಕಟ್ಟುವ’ ಮಾತಿದೆಯಲ್ಲ, ಅದನ್ನು ತರೋಣವೆಂದರೆ ‘ಗುಡಿ ಬೀಜಕೇಂದ್ರ’ ಓದಿದವರು ದೇವಸ್ಥಾನ ಹುಡುಕಿಯಾರು. ಬೇರೆ ಪದ ಹೊಳೆದವರು ತಿಳಿಸಿ.