ದೋಣಿಗೆ ಮೋರಿ (ಶಾರ್ಕ್) ಲಿವರ್ ಎಣ್ಣೆ: ಕಪ್ಪಾಗದಂತೆ ಕಾಯಿಸುವುದು ಹೇಗೆ?

ಪ್ರಶ್ನೆ (ಕಾರವಾರ): ಮರದ ದೋಣಿಗೆ ಬಳಿಯಲು ಮೋರಿ ಮೀನಿನ ಲಿವರ್‌ನಿಂದ ಎಣ್ಣೆ ತೆಗೆಯಬೇಕು. ಕಾಯಿಸಿದರೆ ಕಪ್ಪಾಗುತ್ತೆ, ಬಳಿದರೆ ಅಂಟಂಟು. ಉಳಿದದ್ದನ್ನು ಮಕ್ಕಳಿಗೆ ಕುಡಿಸಬಹುದೇ?

ಉತ್ತರ 1 (ಅಂಕೋಲಾ): ನೀರಿಲ್ಲದೆ ನೇರ ಉರಿಯಲ್ಲಿಟ್ಟರೆ ಕಪ್ಪಾಗದೆ ಇನ್ನೇನು? ಪಿತ್ತಕೋಶ ಒಡೆಯದಂತೆ ಬಿಡಿಸಿ, ಲಿವರ್ ಸಣ್ಣಗೆ ಹೆಚ್ಚಿ, ಅಷ್ಟೇ ನೀರು ಹಾಕಿ. ಕುದಿಸಬೇಡಿ; 80 ಡಿಗ್ರಿ ಆಸುಪಾಸಿನಲ್ಲಿ ಅರ್ಧ ಗಂಟೆ ಸಾಕು. ತೇಲಿದ ಎಣ್ಣೆ ತೆಗೆದು ಬಟ್ಟೆಯಲ್ಲಿ ಸೋಸಿ, ಒಂದು ರಾತ್ರಿ ಬಿಟ್ಟು ಅಡಿಯ ನೀರು ಬೇರೆ ಮಾಡಿ. ನೀರು ಉಳಿದರೆ ಬೇಗ ಕಮಟುತ್ತೆ.

ಉತ್ತರ 2 (ಹೊನ್ನಾವರ): ಅಂಟಿಗೆ ಕಾರಣ ಬೇರೆ. ಮೋರಿ ಎಣ್ಣೆಯ ಎಷ್ಟೋ ಭಾಗ ಪದರ ಕಟ್ಟಿ ಒಣಗುವುದೇ ಇಲ್ಲ, ಸ್ಕ್ವಾಲೀನ್ (ಮೋರಿ ಲಿವರಿನ ಒಂದು ಎಣ್ಣೆಯಂಶ) ಹೆಚ್ಚಿದ್ದರಂತೂ ಕೇಳಬೇಡಿ. ತಾರ್ಲೆ (ಬೂತಾಯಿ) ಎಣ್ಣೆ ಮೇಲು (ಅದು ಲಿವರಿನದಲ್ಲ, ಇಡೀ ಮೀನಿನದು). ಮರ ಪೂರ್ತಿ ಒಣಗಿದ ಮೇಲೆ ತೆಳುವಾಗಿ ಬಳಿಯಿರಿ, ಮೊದಲ ಪದರ ಒಣಗದೆ ಎರಡನೆಯದು ಬೇಡ. ಎಣ್ಣೆ ಬಟ್ಟೆ ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ತಿಮಿಂಗಿಲ ಶಾರ್ಕ್ 2001ರಿಂದ ಸಂರಕ್ಷಿತ, ಅದನ್ನು ಮುಟ್ಟಲೇಬೇಡಿ.

ಉತ್ತರ 3 (ಕುಮಟಾ): ಕುಡಿಸಬೇಡಿ. ವಿಟಮಿನ್ ಎ ಪ್ರಮಾಣ ಮೀನಿಂದ ಮೀನಿಗೆ ವಿಪರೀತ ಬದಲಾಗುತ್ತೆ. ದೊಡ್ಡವರಿಗೇ ದಿನದ ಮಿತಿ 3000 ಮೈಕ್ರೋಗ್ರಾಂ, 1ರಿಂದ 3 ವರ್ಷದವರಿಗೆ 600. ಮೀರಿದರೆ ತಲೆನೋವು, ವಾಂತಿ, ಲಿವರಿಗೇ ಪೆಟ್ಟು. ಬಸುರಿಯರಿದ್ದರೆ ಹೊಟ್ಟೆಯ ಮಗುವಿಗೂ.

ಉತ್ತರ 4 (ಶಿರಸಿ): ಮೀನೆಣ್ಣೆಗೆ ತೋಟದಲ್ಲೂ ಬಳಕೆ ಇದೆ: ಮೀನೆಣ್ಣೆ ರಾಳದ ಸೋಪು ಲೀಟರ್ ನೀರಿಗೆ 25 ಗ್ರಾಂ ಕರಗಿಸಿ, ಗಿಡದ ರಸ ಹೀರುವ ಹಿಟ್ಟು ತಿಗಣೆಗೆ ಸಿಂಪಡಿಸಬಹುದು. ಬೋರ್ಡೋ ದ್ರಾವಣಕ್ಕೆ (ಮೈಲುತುತ್ತು, ಸುಣ್ಣದ ಮಿಶ್ರಣ) ಮಾತ್ರ ಬೆರೆಸಬೇಡಿ, ಸುಣ್ಣದ ಜೊತೆ ಗಂಟುಗಟ್ಟಿ ನಾಝಲ್ ಕಟ್ಟುತ್ತೆ.