ಪಿ.ಟಿ. ಮೇಷ್ಟ್ರು ಹುಟ್ಟಿಸಿದ ಆಟ

ಭಾನುವಾರ ಬೆಳಗ್ಗೆ ಹೋಟೆಲಿನಲ್ಲಿ ಎರಡನೇ ಕಾಫಿ ಬರುವ ಹೊತ್ತಿಗೆ ಸೀನ ಫೋನ್ ನೋಡುತ್ತಾ, "ಹ್ಯಾಂಡ್‌ಬಾಲ್‌ನಲ್ಲಿ ಡೆನ್ಮಾರ್ಕ್ ಸತತ ನಾಲ್ಕು ಸಲ ವಿಶ್ವ ಚಾಂಪಿಯನ್ ಅಂತೆ ಕಣೋ. 2019, 21, 23, 25" ಎಂದ.

"ಹ್ಯಾಂಡ್‌ಬಾಲ್ ಅಂದ್ರೆ ಫುಟ್‌ಬಾಲ್‌ನಲ್ಲಿ ಫೌಲ್ ಅಲ್ವಾ? ಅದಕ್ಕೂ ಕಪ್ ಕೊಡ್ತಾರಾ?" ಎಂದೆ.

ಮೇಷ್ಟ್ರಿಗೆ ಉರಿದುಹೋಯಿತು. ನಮಗೆ ಹೈಸ್ಕೂಲಿನಲ್ಲಿ ಪಿ.ಟಿ. ಮಾಡಿಸಿದವರು ಅವರು. ಈಗಲೂ ಅವರೆದುರು ನಾವು ಕಾಲ ಮೇಲೆ ಕಾಲು ಹಾಕುವುದಿಲ್ಲ.

"ಲೋ, ಆ ಆಟ ಹುಟ್ಟಿಸಿದ್ದೇ ಒಬ್ಬ ಪಿ.ಟಿ. ಮೇಷ್ಟ್ರು. ಹೋಲ್ಗರ್ ನೀಲ್ಸನ್ ಅಂತ, ಡೆನ್ಮಾರ್ಕಿನವರು. ಹುಡುಗರು ಫುಟ್‌ಬಾಲ್ ಒದ್ದು ಶಾಲೆ ಕಿಟಕಿ ಗಾಜು ಒಡೀತಿದ್ರಂತೆ. ಕಾಲು ಬೇಡ, ಕೈಯಲ್ಲಿ ಆಡಿ ಅಂದ್ರು. 1906ರಲ್ಲಿ ನಿಯಮ ಬರೆದು ಅಚ್ಚು ಹಾಕಿಸಿದ್ರು."

"ಕೈಯಲ್ಲಿ ಎಸೆದ್ರೆ ಗಾಜು ಒಡೆಯಲ್ವಾ ಸಾರ್?"

"ಬಾಯಿ ಮುಚ್ಚೋ."

ಸೀನ ಓದುತ್ತಲೇ ಇದ್ದ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಇದನ್ನು ಬಯಲಲ್ಲೇ ಆಡಿದ್ದರು, ಫುಟ್‌ಬಾಲ್ ಮೈದಾನ, ಒಂದೊಂದು ತಂಡಕ್ಕೆ ಹನ್ನೊಂದು ಜನ. ಫೈನಲ್‌ನಲ್ಲಿ ಸುಮಾರು ಒಂದು ಲಕ್ಷ ಜನ ಮಳೆಯಲ್ಲಿ ನೆನೆಯುತ್ತಾ ಕೂತು ಜರ್ಮನಿ ಆಸ್ಟ್ರಿಯಾವನ್ನು 10–6ರಿಂದ ಸೋಲಿಸಿದ್ದನ್ನು ನೋಡಿದರು. ಅದಕ್ಕೂ ಮೊದಲು ಅಮೆರಿಕವನ್ನು ಜರ್ಮನಿ ಹೊಡೆದದ್ದು 29–1.

"ಆ ಒಂದು ಗೋಲು ಹೊಡೆದವನು ಊರಿಗೆ ಹೋಗಿ ಏನಂದಿರ್ತಾನೆ?" ಎಂದೆ.

"ಜರ್ಮನಿಗೇ ಗೋಲು ಹೊಡೆದೆ ಅಂದಿರ್ತಾನೆ. ಸ್ಕೋರ್ ಕೇಳಿದ್ರೆ ಬಿಸಿಲು ಜಾಸ್ತಿ ಅಂತ ಮಾತು ತಿರುಗಿಸಿರ್ತಾನೆ."

ಆಮೇಲೆ ಅದು ಪದಕದ ಆಟವಾಗಿ ಒಲಿಂಪಿಕ್ಸ್‌ಗೆ ಮರಳಿದ್ದು 1972ರಲ್ಲಿ, ಮ್ಯೂನಿಕ್‌ನಲ್ಲಿ. ಅಷ್ಟರಲ್ಲಿ ಆಟ ಸೂರಿನ ಕೆಳಗೆ ಸೇರಿಕೊಂಡು ಏಳು ಜನಕ್ಕೆ ಇಳಿದಿತ್ತು. ಒಳಾಂಗಣದ ಮೊದಲ ವಿಶ್ವ ಚಾಂಪಿಯನ್‌ಶಿಪ್ ಮಾತ್ರ 1938ರಲ್ಲೇ ಬರ್ಲಿನ್‌ನಲ್ಲಿ ಆಗಿತ್ತು. ಜರ್ಮನಿ, ಆಸ್ಟ್ರಿಯಾ, ಸ್ವೀಡನ್, ಡೆನ್ಮಾರ್ಕ್, ಒಟ್ಟು ನಾಲ್ಕೇ ತಂಡ, ಎರಡೇ ದಿನ.

"ನಾಲ್ಕು ತಂಡಕ್ಕೆ ವಿಶ್ವ ಅಂತ ಹೆಸರಾ? ನಮ್ಮ ಬೀದಿ ಗಣೇಶನ ಹಗ್ಗಜಗ್ಗಾಟಕ್ಕೇ ಎಂಟು ತಂಡ ಬರ್ತವೆ!"

"ನೀನು ನಗು. ಆದ್ರೆ ಇವತ್ತಿಗೂ ಯುರೋಪ್ ಬಿಟ್ಟು ಬೇರೆ ಯಾರೂ ಗಂಡಸರ ಈ ಕಪ್ ಗೆದ್ದಿಲ್ಲ" ಎಂದರು ಮೇಷ್ಟ್ರು. "ರೊಮೇನಿಯಾದಂಥ ದೇಶ 1961ರಿಂದ 74ರೊಳಗೆ ನಾಲ್ಕು ಸಲ ಗೆದ್ದಿದೆ. ಹೊರಗಿನವರು ಫೈನಲ್‌ವರೆಗೆ ಬಂದಿದ್ದು ಒಂದೇ ಸಲ. 2015ರಲ್ಲಿ ಕತಾರ್."

"ಅದೂ ಹೊರಗಿನವರು ಅನ್ನೋ ಹಾಗಿಲ್ಲ ಸಾರ್" ಎಂದ ಸೀನ. ಮೂರು ವರ್ಷ ಹಳೇ ದೇಶದ ಪರ ಆಡದೆ ಇದ್ದರೆ ಹೊಸ ದೇಶದ ಪರ ಆಡಬಹುದು ಅಂತ ಆಗ ನಿಯಮವಿತ್ತು. ಕತಾರ್ ಆ ಬಾಗಿಲಲ್ಲಿ ಅರ್ಧ ಯುರೋಪನ್ನೇ ಒಳಗೆ ಕರೆದುಕೊಂಡಿತು. ಕೋಚ್ ವಲೇರೊ ರಿವೆರಾ, 2013ರಲ್ಲಿ ಸ್ಪೇನ್‌ಗೆ ಕಪ್ ಗೆದ್ದುಕೊಟ್ಟವರು. ಬರ್ತ್ರಾಂ ರೊಯ್ನೆ 2011ರಲ್ಲಿ ಫ್ರಾನ್ಸ್ ಪರ ಚಾಂಪಿಯನ್ ಆಗಿದ್ದವನು, ಈಗ ಕತಾರ್ ಜೆರ್ಸಿಯಲ್ಲಿ ಅದೇ ಫ್ರಾನ್ಸ್ ಎದುರು ಫೈನಲ್. ಜೈಕಾರ ಹಾಕಲು ಸ್ಪೇನ್‌ನಿಂದ ಅಭಿಮಾನಿಗಳನ್ನೂ ವಿಮಾನದಲ್ಲಿ ಕರೆಸಿದ್ದರು.

"ಮದುವೆಗೆ ವಾಲಗದವರನ್ನ ಕರೆಸೋದು ಸರಿ, ನೆಂಟರನ್ನೂ ಬಾಡಿಗೆಗೆ ತರೋದಾ?" ಎಂದೆ. ಆದರೂ 25–22ರಿಂದ ಫ್ರಾನ್ಸೇ ಗೆದ್ದಿತು.

ಸೀನ ಒಂದು ವಿಡಿಯೊ ತೋರಿಸಿದ. ಆಟಗಾರರು ಬೆರಳಿಗೆ ಮರದ ಅಂಟು ಬಳಿದುಕೊಂಡು ಒಂದೇ ಕೈಯಲ್ಲಿ ಚೆಂಡನ್ನು ಅಂಗೈ ಕೆಳಗಾಗಿ ಹಿಡಿಯುತ್ತಾರೆ, ಬೀಳುವುದೇ ಇಲ್ಲ. ಹಲಸಿನ ಹಣ್ಣು ಬಿಡಿಸಿದ ಕೈ ಹೇಗಿರುತ್ತೋ ಹಾಗೆ. ಮೂರೇ ಹೆಜ್ಜೆ, ಮೂರೇ ಸೆಕೆಂಡು, ಅಷ್ಟರಲ್ಲಿ ಬಿಡಬೇಕು. ಗೋಲ್‌ಕೀಪರ್ ಅಂತೂ ಕೈಕಾಲು ಅಗಲಿಸಿ, ಹೆದರಿದ ಕಪ್ಪೆ ಥರ ಹಾರುತ್ತಾನೆ.

"ಅಲ್ಲ ಸಾರ್, ಆಟ ಹುಟ್ಟಿಸಿದ ಡೆನ್ಮಾರ್ಕ್‌ನವರ ಗಂಡಸರು ಮೊದಲ ಸಲ ವಿಶ್ವ ಚಾಂಪಿಯನ್ ಆಗಿದ್ದೇ 2019ರಲ್ಲಂತೆ. 2013ರ ಫೈನಲ್‌ನಲ್ಲಿ ಸ್ಪೇನ್ ಕೈಲಿ 35–19 ಹೊಡೆತ ತಿಂದಿದ್ರು. ಎಷ್ಟು ತಡ ಮಾಡಿದ್ರು!"

"ಮೇಷ್ಟ್ರ ಮಕ್ಕಳು ತಡವಾಗೇ ಪಾಸಾಗೋದು ಕಣೋ" ಎಂದು ಮೇಷ್ಟ್ರು ಎದ್ದರು. "ಡೆನ್ಮಾರ್ಕಿನ ಆಟಗಾರ ಮ್ಯಾಥಿಯಾಸ್ ಗಿಡ್ಸೆಲ್ ಎಸೆಯೋದು ನೋಡಿದೀರಾ? ಇಲ್ಲಿ ನೋಡಿ." ಮನೆಗೆ ಅಂತ ತಂದಿದ್ದ ಮೂಸಂಬಿ ಚೀಲಕ್ಕೆ ಕೈ ಹಾಕಿ, ಒಂದನ್ನು ಹಿಡಿದು, ಲೆಕ್ಕ ಹಾಕಿ ಮೂರು ಹೆಜ್ಜೆ ಇಟ್ಟು, ಪಂಚೆ ಸಮೇತ ಹಾರಿದರು.

ಬಿಲ್ ಬಂತು. ಆರು ಕಾಫಿ, ಒಂದು ಗಾಜಿನ ಬಿಸ್ಕೆಟ್ ಜಾಡಿ.