ಸೂಪರ್‌ಹೀರೋ ಕಾಮಿಕ್ಸ್ ಪೆಟ್ಟಿಗೆಗಳು: ಮಾರೋದಾ, ಊರಿಗೆ ತರೋದಾ?

ಪ್ರಶ್ನೆ, ನ್ಯೂ ಜೆರ್ಸಿಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಇಪ್ಪತ್ತೈದು ವರ್ಷದಿಂದ ಅಮೆರಿಕದ ಹಳೇ ಸೂಪರ್‌ಹೀರೋ ಕಾಮಿಕ್ಸ್ ಕೂಡಿಸಿದ್ದಾರೆ. ಹೆಚ್ಚಿನವು 1960 ಮತ್ತು 70ರ ದಶಕದ ಮಾರ್ವೆಲ್ ಪುಸ್ತಕಗಳು. ಸುಮಾರು 300 ಇವೆ. ಅರ್ಧದಷ್ಟು ಸಿಜಿಸಿ ಅನ್ನುವ ಕಂಪನಿಯಲ್ಲಿ ಗ್ರೇಡ್ ಆಗಿ, ಅಂದರೆ ಸ್ಥಿತಿ ನೋಡಿ ಹತ್ತಕ್ಕೆ ಅಂಕ ಪಡೆದು, ಸೀಲ್ ಮಾಡಿದ ಪ್ಲಾಸ್ಟಿಕ್ ಸ್ಲ್ಯಾಬಿನಲ್ಲಿವೆ, 9.0ಕ್ಕಿಂತ ಮೇಲಿನವೇ ಜಾಸ್ತಿ. ಮುಂದಿನ ವರ್ಷ ನಾವು ಮೈಸೂರಿಗೆ ವಾಪಸ್ ಹೋಗುತ್ತಿದ್ದೇವೆ. ಮಾರಿಬಿಡೋಣ ಅಂತ ಅವರೇ ಹೇಳುತ್ತಾರೆ. ಆದರೆ ರಾತ್ರಿ ಊಟ ಆದ ಮೇಲೆ ಹೋಗಿ ಆ ಪೆಟ್ಟಿಗೆಗಳ ಮುಂದೆ ಕೂತಿರುತ್ತಾರೆ. ಇಂಥದ್ದನ್ನು ಮಾರಿದವರು, ಊರಿಗೆ ತಂದವರು ಇದ್ದರೆ ದಯವಿಟ್ಟು ಅನುಭವ ಹೇಳಿ.

ಷಿಕಾಗೋದಿಂದ

ಅಕ್ಕ, ನಾನು ಎರಡು ಸಲ ಮಾರಿದ್ದೇನೆ. ಮೊದಲನೇ ಸಲ ತಪ್ಪಾಗಿ, ಎರಡನೇ ಸಲ ಸರಿಯಾಗಿ. ಎರಡನ್ನೂ ಹೇಳುತ್ತೇನೆ.

ನಾನು 1998ರಲ್ಲಿ ವೈಟುಕೆ, ಅಂದರೆ 2000ದ ಇಸವಿಗೆ ಕಂಪ್ಯೂಟರ್ ಸರಿಪಡಿಸುವ ಕೆಲಸಕ್ಕೆ ಅಂತ ಬಂದವನು. ಸಾಗರದಲ್ಲಿ ಹುಡುಗನಾಗಿದ್ದಾಗ ಕನ್ನಡದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಫ್ಯಾಂಟಮ್ ಓದಿ ಬೆಳೆದೆ. ಕೈಯಿಂದ ಕೈಗೆ ಹೋಗಿ ಹೋಗಿ ನಮ್ಮ ಪಾಲಿಗೆ ಬರುವಷ್ಟರಲ್ಲಿ ಅದಕ್ಕೆ ರಟ್ಟೂ ಇರುತ್ತಿರಲಿಲ್ಲ. ಇಲ್ಲಿ ಒಂದು ಶನಿವಾರ ಸುಮ್ನೆ ಒಂದು ಕಾಮಿಕ್ಸ್ ಅಂಗಡಿಗೆ ಹೋದೆ. ಗೋಡೆ ಮೇಲೆ 1966ರ ಫೆಂಟಾಸ್ಟಿಕ್ ಫೋರ್ 48ನೇ ಸಂಚಿಕೆ ತೂಗುಹಾಕಿದ್ದರು. ಬೆಲೆ 12 ಸೆಂಟ್ ಅಂತ ಅಚ್ಚಾಗಿತ್ತು. ನನಗಿಂತ ಹಳೇ ಪುಸ್ತಕ, ಆದರೆ ನಿನ್ನೆ ಪ್ರೆಸ್ಸಿನಿಂದ ಬಂದ ಹಾಗೆ ಹೊಳೆಯುತ್ತಿತ್ತು. ಎಂಟು ವರ್ಷದ ಮಗುವಿನ ಕೈಗೆ ಅಂತ ಮಾಡಿದ ಕಾಗದ ಇಷ್ಟು ಚೆನ್ನಾಗಿ ಉಳಿದದ್ದಾದರೂ ಹೇಗೆ? ಆ ಬೆರಗೇ ನನ್ನನ್ನು ಹಿಡಿದುಕೊಂಡಿತು. ನಿಮ್ಮ ಯಜಮಾನರನ್ನೂ ಅದೇ ಹಿಡಿದಿರಬೇಕು.

2000ದಲ್ಲಿ ಸಿಜಿಸಿ ಶುರುವಾಯಿತು. ಪುಸ್ತಕ ಕಳಿಸಿದರೆ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸೀಲ್ ಮಾಡಿ ವಾಪಸ್ ಕಳಿಸುತ್ತಾರೆ. ಅಲ್ಲಿಂದ ನನ್ನ ಕಣ್ಣು ಬದಲಾಯಿತು. ಕಥೆ ನೋಡುವ ಮೊದಲು ಪುಸ್ತಕದ ಬೆನ್ನು ನೋಡುತ್ತಿದ್ದೆ. ಪಿನ್ನಿನ ಹತ್ತಿರ ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆ ಬಿದ್ದಿದೆಯಾ? ಮೂಲೆ ಮಡಚಿದೆಯಾ? ಪಿನ್ನು ತುಕ್ಕು ಹಿಡಿದಿದೆಯಾ? ಒಳಗಿನ ಕಾಗದ ಬಿಳಿ ಇದೆಯಾ, ಕೆನೆ ಬಣ್ಣಕ್ಕೆ ತಿರುಗಿದೆಯಾ? 60ರ ದಶಕದ ಶುರುವಿನ ಮಾರ್ವೆಲ್ ಪುಸ್ತಕಗಳಲ್ಲಿ ಇನ್ನೊಂದು ವಿಷಯ ಇದೆ. ಪ್ರೆಸ್ಸಿನಲ್ಲಿ ಅಂಚು ಕತ್ತರಿಸುವ ಬ್ಲೇಡು ಮೊಂಡಾಗಿರುತ್ತಿತ್ತು. ಹಾಗಾಗಿ ಮುಖಪುಟದ ಬಲ ಅಂಚು ಇಲಿ ಕಡಿದ ಹಾಗೆ ಅಲ್ಲಲ್ಲಿ ಉದುರಿರುತ್ತದೆ. ಯಾರೂ ಮುಟ್ಟದೆ ಇಟ್ಟ ಪುಸ್ತಕದಲ್ಲೂ ಇದು ಇರಬಹುದು. ಅದಕ್ಕೇ ಆ ಕಾಲದ ಪುಸ್ತಕ 9.4 ಅಂದರೆ ನನಗೆ ಈಗಲೂ ಗೌರವ.

9.4ಕ್ಕೂ 9.6ಕ್ಕೂ ಬರಿಗಣ್ಣಿಗೆ ವ್ಯತ್ಯಾಸ ಕಾಣುವುದೇ ಕಷ್ಟ. ಬೆಲೆ ಮಾತ್ರ ಎರಡರಷ್ಟಾಗಬಹುದು. ನಾನು ವರ್ಷಗಟ್ಟಲೆ ಆ ಎರಡು ಹತ್ತನೇ ಭಾಗದ ಹಿಂದೆ ಓಡಿದೆ. ಹಿಂತಿರುಗಿ ನೋಡಿದರೆ, ದುಡ್ಡಿನ ಲೆಕ್ಕದಲ್ಲೂ ನನ್ನ ಒಳ್ಳೆಯ ಖರೀದಿಗಳು ಅವಲ್ಲ. 9.0, 9.2 ಇದ್ದು, ಕಾಗದ ಬಿಳಿ ಇದ್ದು, ಮುಖಪುಟ ನೇರ ಕೂತ 60ರ ದಶಕದ ಪುಸ್ತಕಗಳೇ ನನ್ನ ಕೈ ಹಿಡಿದವು. ತೀರಾ ಇತ್ತೀಚಿನ 9.8ಗಳು ಕೈ ಕೊಟ್ಟವು. ಯಾಕೆಂದರೆ ಹೊಸ ಪುಸ್ತಕಗಳನ್ನು ಜನ ಕೊಂಡ ದಿನವೇ ಬ್ಯಾಗಿಗೆ ಹಾಕಿ ಇಟ್ಟಿದ್ದಾರೆ. ವರ್ಷ ವರ್ಷ ಇನ್ನಷ್ಟು 9.8 ಬರುತ್ತಲೇ ಇರುತ್ತವೆ. 1991ರ ಎಕ್ಸ್‌ಮೆನ್ 1ನೇ ಸಂಚಿಕೆ 80 ಲಕ್ಷಕ್ಕೂ ಜಾಸ್ತಿ ಪ್ರತಿ ಹೋಗಿತ್ತು. ಅಂಥದ್ದು ನಿಮ್ಮಲ್ಲಿದ್ದರೆ ಪಕ್ಕದ ಮನೆ ಮಕ್ಕಳಿಗೆ ಕೊಡಿ, ಓದಿಕೊಳ್ಳಲಿ.

ಈಗ ಮಾರಿದ ಕಥೆ. 2012ರಲ್ಲಿ ಮನೆ ಕೊಳ್ಳಲು ದುಡ್ಡು ಬೇಕಿತ್ತು. ಎರಡು ಪೆಟ್ಟಿಗೆ ಒಟ್ಟಿಗೇ ಒಬ್ಬ ವ್ಯಾಪಾರಿಗೆ ಕೊಟ್ಟೆ. ಆತ ಮೋಸ ಮಾಡಲಿಲ್ಲ. ಒಟ್ಟಿಗೆ ಕೊಳ್ಳುವವರು ಯಾವತ್ತೂ ಅರ್ಧ ಬೆಲೆ ಆಸುಪಾಸಿನಲ್ಲೇ ಮಾತಾಡುತ್ತಾರೆ, ಅವರೂ ಮಾರಬೇಕಲ್ಲ. ನನಗೆ ಕಾಯಲು ಪುರುಸೊತ್ತು ಇರಲಿಲ್ಲ, ಅಷ್ಟೇ. ಆ ಪೆಟ್ಟಿಗೆಯಲ್ಲಿ ನನ್ನ ಫೆಂಟಾಸ್ಟಿಕ್ ಫೋರ್ 48 ಕೂಡ ಹೋಯಿತು.

2021ರಲ್ಲಿ ಮತ್ತೆ ಮಾರಿದೆ. ಆಗ ಕೋವಿಡ್ ಕಾಲ, ಕಾಮಿಕ್ಸ್ ಬೆಲೆ ಮುಗಿಲಿಗೆ ಹೋಗಿತ್ತು. ಆ ಸೆಪ್ಟೆಂಬರಿನಲ್ಲೇ ಸ್ಪೈಡರ್‌ಮ್ಯಾನ್ ಮೊದಲು ಬಂದ ಅಮೇಜಿಂಗ್ ಫ್ಯಾಂಟಸಿ 15ರ ಒಂದು 9.6 ಪ್ರತಿ ಹರಾಜಿನಲ್ಲಿ 36 ಲಕ್ಷ ಡಾಲರಿಗೆ ಹೋಯಿತು. ನನ್ನವು ಅಂಥ ಪುಸ್ತಕಗಳಲ್ಲ. ಆದರೂ ಆ ಬಿಸಿ ನನಗೂ ತಗುಲಿತು. ಆ ಸಲ ಒಂದೊಂದಾಗಿ ಎಂಟು ತಿಂಗಳು ಮಾರಿದೆ. ದೊಡ್ಡವನ್ನು ಹರಾಜಿಗೆ ಕೊಟ್ಟೆ, ಚಿಕ್ಕವನ್ನು ನಾನೇ ಮಾರಿದೆ. ಆಮೇಲಿನ ಎರಡು ವರ್ಷ ಬೆಲೆ ಚೆನ್ನಾಗಿ ಇಳಿಯಿತು. ಹಾಗಾಗಿ 2021ರ ಬೆಲೆ ತಲೆಯಲ್ಲಿಟ್ಟುಕೊಂಡು ಕೂರಬೇಡಿ. ಕಳೆದ ಆರು ತಿಂಗಳಲ್ಲಿ ಅದೇ ಗ್ರೇಡಿನ ಪ್ರತಿ ನಿಜವಾಗಿ ಎಷ್ಟಕ್ಕೆ ಹೋಯಿತು ಅನ್ನುವುದನ್ನು ಮಾತ್ರ ನೋಡಿ.

ಸ್ಲ್ಯಾಬಿನಲ್ಲಿ ಇಲ್ಲದ ಪುಸ್ತಕಗಳ ಪುಟಗಳನ್ನು ಮೊದಲು ಎಣಿಸಿ. 1974ರ ಇನ್‌ಕ್ರೆಡಿಬಲ್ ಹಲ್ಕ್ 181, ವುಲ್ವರಿನ್ ಅನ್ನುವ ಹೀರೋ ಮೊದಲ ಸಲ ಪೂರ್ತಿಯಾಗಿ ಬರುವ ಸಂಚಿಕೆ, ನಾನು ಬಿಡಿಯಾಗಿ, ಸ್ಲ್ಯಾಬ್ ಇಲ್ಲದೆ ಕೊಂಡಿದ್ದೆ. ಮುಖಪುಟ ಕನ್ನಡಿ ಹಾಗಿತ್ತು. ಗ್ರೇಡಿಂಗಿಗೆ ಕಳಿಸಿದೆ, ದೊಡ್ಡ ಕೊರತೆ ಇದೆ ಅಂತ ಹೇಳುವ ಹಸಿರು ಲೇಬಲ್ ಹಾಕಿಕೊಂಡು ಬಂತು. ಆ ಕಾಲದಲ್ಲಿ ಮಾರ್ವೆಲ್‌ನವರು ಪತ್ರಗಳ ಪುಟದಲ್ಲಿ ಒಂದು ಸ್ಟ್ಯಾಂಪ್ ಅಚ್ಚು ಹಾಕಿ, ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿ ಅಂತ ಮಕ್ಕಳಿಗೆ ಹೇಳುತ್ತಿದ್ದರು. ಯಾವುದೋ ಮಗು ಹೇಳಿದ ಹಾಗೆ ಕತ್ತರಿಸಿತ್ತು. ನಾನು ಆ ಪುಟ ತೆರೆದೇ ಇರಲಿಲ್ಲ. ಬೆಲೆ ದೊಡ್ಡ ಪಾಲು ಬಿದ್ದುಹೋಯಿತು. 1974ರಿಂದ 76ರವರೆಗಿನ ಪ್ರತಿ ಮಾರ್ವೆಲ್ ಪುಸ್ತಕದಲ್ಲೂ ಇದನ್ನು ನೋಡಿಕೊಳ್ಳಿ.

ಇನ್ನು ನಿಮ್ಮ ಪ್ರಶ್ನೆಯ ಒಳಗಿರುವ ಪ್ರಶ್ನೆ. ಅವರು ಪೆಟ್ಟಿಗೆ ಮುಂದೆ ಕೂರುತ್ತಾರೆ ಅಂದಿರಲ್ಲ, ಅದು ನನಗೆ ಚೆನ್ನಾಗಿ ಅರ್ಥ ಆಗುತ್ತದೆ. 48ನೇ ಸಂಚಿಕೆ ಮಾರಿ ಮೂರು ವರ್ಷ ನನಗೆ ಅದೊಂದು ಕೊರಗು. ಆಮೇಲೆ ಒಂದು ದಿನ ಅದೇ ಸಂಚಿಕೆಯ 3.0 ಪ್ರತಿ ಸಿಕ್ಕಿತು. ಬೆನ್ನು ಸವೆದಿತ್ತು, ಮುಖಪುಟದ ಮೇಲೆ ಯಾರೋ ಪೆನ್ಸಿಲಿನಲ್ಲಿ ಗೀಚಿದ್ದರು. ನಾನು 9.4 ಮಾರಿ ಪಡೆದ ದುಡ್ಡಿನಲ್ಲಿ ಹತ್ತನೇ ಒಂದು ಭಾಗವೂ ಆಗಲಿಲ್ಲ. ಮನೆಗೆ ತಂದು ಊಟದ ಮೇಜಿನ ಮೇಲಿಟ್ಟು ಓದಿದೆ. ಆಗ ಗೊತ್ತಾಯಿತು, ಅಷ್ಟು ವರ್ಷ ನನ್ನ ಹತ್ತಿರ ಇದ್ದ ಪುಸ್ತಕದ ಒಂದು ಪುಟವನ್ನೂ ನಾನು ನೋಡಿರಲಿಲ್ಲ. ಗ್ಯಾಲಕ್ಟಸ್ ಅನ್ನುವ ಖಳ ಮೊದಲ ಸಲ ಬರುವ ಸಂಚಿಕೆ ಅಂತ ಎಲ್ಲರೂ ಹೇಳುತ್ತಾರೆ. ಓದಿದರೆ ಮೊದಲ ಕೆಲವು ಪುಟ ಹಿಂದಿನ ಸಂಚಿಕೆಯ ಕಥೆ ಮುಗಿಸುವುದರಲ್ಲೇ ಹೋಗುತ್ತದೆ. ಗ್ಯಾಲಕ್ಟಸ್ ಮುಖ ತೋರಿಸುವುದು ಕೊನೇ ಪುಟದಲ್ಲಿ. ಚಿತ್ರಕಾರ ಜ್ಯಾಕ್ ಕರ್ಬಿ ಅಷ್ಟು ಹೊತ್ತು ಕಾಯಿಸಿ ಆ ಪುಟ ಬರೆದಿದ್ದಾರೆ. ಜೊತೆಗೆ ಜಾಹೀರಾತುಗಳು, ಓದುಗರ ಪತ್ರಗಳು, ಹಳೇ ಕಾಗದದ ಆ ವಾಸನೆ. ಸ್ಲ್ಯಾಬಿನಲ್ಲಿ ಇದ್ದಾಗ ಇದ್ಯಾವುದೂ ನನಗೆ ಸಿಕ್ಕಿರಲಿಲ್ಲ.

ಅದಕ್ಕೇ ನಾನು ಹೇಳುವುದು ಇಷ್ಟು. ಒಂದು ಭಾನುವಾರ ಇಬ್ಬರೂ ಕೂತು ಪಟ್ಟಿ ಮಾಡಿ. ಪ್ರತಿ ಪುಸ್ತಕಕ್ಕೂ "ಇದನ್ನು ಯಾಕೆ ತಗೊಂಡ್ರಿ?" ಅಂತ ಕೇಳಿ. ಅವರು ಅಂಕ ಹೇಳಿದರೆ ಅದು ಮಾರುವ ಪುಸ್ತಕ. ಕಥೆ ಹೇಳಲು ಶುರು ಮಾಡಿದರೆ ಪಕ್ಕಕ್ಕಿಡಿ. ಪಕ್ಕಕ್ಕಿಟ್ಟವುಗಳಲ್ಲೂ ತೀರಾ ದುಬಾರಿಯಾದದ್ದನ್ನು ಮಾರಿ, ಅದೇ ಸಂಚಿಕೆಯ 3.0, 4.0 ಓದುವ ಪ್ರತಿ ಕೊಡಿಸಿ. ನಾನು ಈಗ ಹಾಗೇ ಮಾಡಿದ್ದೇನೆ. ಒಟ್ಟು ನಲವತ್ತು ಪುಸ್ತಕ ಇವೆ, ಎಲ್ಲವೂ ತೆರೆದು ಓದುವಂಥವು.

ಮಂಗಳೂರಿನಿಂದ

ನಾನು 2016ರಲ್ಲಿ 60 ಪುಸ್ತಕ ತಂದವನು. ಸ್ಲ್ಯಾಬಿನೊಳಗೆ ಗಾಳಿ ಹೋಗುವುದಿಲ್ಲ ಅಂದುಕೊಂಡಿದ್ದೆ. ಹೋಗುತ್ತದೆ. ಹೊರಗೋಡೆಗೆ ತಾಗಿಸಿ ಮರದ ಬೀರುವಿನಲ್ಲಿ ಇಟ್ಟಿದ್ದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಿಡಿ ಪುಸ್ತಕಗಳ ಪಿನ್ನಿನ ಸುತ್ತ ಕಂದು ಚುಕ್ಕೆ ಕಂಡಿತು. ಒಂದೆರಡು ಸ್ಲ್ಯಾಬಿನಲ್ಲಿ ಮುಖಪುಟ ಹಪ್ಪಳದ ಹಾಗೆ ಅಲೆ ಅಲೆಯಾಗಿತ್ತು. ಎಷ್ಟು ನೋವಾಯಿತು ಅಂತ ಹೇಳಲಾರೆ.

1977ರಲ್ಲಿ ಕೊಲರಾಡೋದಲ್ಲಿ ಎಡ್ಗರ್ ಚರ್ಚ್ ಅನ್ನುವವರ ಮನೆಯಿಂದ ಕಾಮಿಕ್ಸ್ ವ್ಯಾಪಾರಿ ಚಕ್ ರೊಜಾನ್ಸ್ಕಿ ಕೊಂಡ ಸಂಗ್ರಹದ ಬಗ್ಗೆ ನಿಮ್ಮ ಯಜಮಾನರಿಗೆ ಗೊತ್ತಿರುತ್ತದೆ. ಹದಿನೆಂಟು ಸಾವಿರದಷ್ಟು ಪುಸ್ತಕ, ದಶಕಗಟ್ಟಲೆ ಒಂದರ ಮೇಲೊಂದು ಪೇರಿಸಿಟ್ಟದ್ದು, ಆದರೂ ಕಾಗದ ಹೊಸದರಂತೆ ಇತ್ತು. ಅವರು ಇಟ್ಟ ರೀತಿ ಒಂದು ಕಾರಣ, ಅಲ್ಲಿನ ಒಣ ಹವೆ ಇನ್ನೊಂದು. ನಮ್ಮ ಕರಾವಳಿ ಅದಕ್ಕೆ ಪೂರ್ತಿ ಉಲ್ಟಾ.

ಮೈಸೂರು ನಮಗಿಂತ ಎಷ್ಟೋ ವಾಸಿ. ಆದರೂ ಅಟ್ಟದಲ್ಲಿ, ನೆಲಮಟ್ಟದ ಕಪಾಟಿನಲ್ಲಿ ಇಡಬೇಡಿ. ಮನೆ ಮಧ್ಯದ ಒಂದು ಕೋಣೆ, ಒಳಗೋಡೆ, ತೇವ ಅಳೆಯುವ ಚಿಕ್ಕ ಮೀಟರ್. ಅದು 50 ಪರ್ಸೆಂಟ್ ಆಸುಪಾಸು ಇರಲಿ. ಮಳೆಗಾಲದಲ್ಲಿ ತೇವ ಹೀರುವ ಯಂತ್ರ, ಡಿಹ್ಯೂಮಿಡಿಫೈಯರ್ ಓಡಿಸಿ. ಬಿಡಿ ಪುಸ್ತಕಗಳಿಗೆ ಮೈಲಾರ್ ಅನ್ನುವ ಪ್ಲಾಸ್ಟಿಕ್ಕಿನ ಕವರು, ಆಮ್ಲ ಇಲ್ಲದ ಬೋರ್ಡು ಅಮೆರಿಕದಿಂದಲೇ ತನ್ನಿ. ನುಸಿ ಗುಳಿಗೆ ಮಾತ್ರ ಖಂಡಿತ ಬೇಡ, ಆ ವಾಸನೆ ಕಾಗದ ಬಿಟ್ಟು ಹೋಗುವುದಿಲ್ಲ.

ಕ್ಯಾಲಿಫೋರ್ನಿಯಾದಿಂದ

ಮಾರುವುದಾದರೆ ಅಮೆರಿಕದಿಂದ ಹೊರಡುವ ಮೊದಲೇ ಮಾರಿ. ಕೊಳ್ಳುವವರು ಇರುವುದು ಇಲ್ಲಿ. ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡ ಸಂಗ್ರಹದ ವಸ್ತುಗಳ ಲಾಭಕ್ಕೆ ಇಲ್ಲಿನ ಕೇಂದ್ರ ತೆರಿಗೆ 28 ಪರ್ಸೆಂಟ್‌ವರೆಗೆ ಹೋಗಬಹುದು, ಶೇರಿನ ಹಾಗಲ್ಲ. ಕೊಂಡ ರಸೀದಿ, ಗ್ರೇಡಿಂಗ್ ಖರ್ಚಿನ ರಸೀದಿ ಎಲ್ಲಾ ಈಗಲೇ ಹುಡುಕಿ ಒಂದು ಕಡೆ ಇಡಿ. ನಾನು ಹಳೇ ಇಮೇಲ್ ಕೆದಕಿ ಮೂರು ವಾರ ಕಳೆದೆ. ಹಾಗೇ ಪ್ರತಿ ಸ್ಲ್ಯಾಬಿನ ಲೇಬಲ್ ನಂಬರ್ ಫೋಟೋ ತೆಗೆದಿಟ್ಟುಕೊಳ್ಳಿ.

ಮತ್ತೆ ನ್ಯೂ ಜೆರ್ಸಿಯಿಂದ

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಭಾನುವಾರ ಕೂತೆವು. ಮೂರು ಗಂಟೆಯಲ್ಲಿ 70 ಪುಸ್ತಕ ಆಯಿತು. 52ಕ್ಕೆ ಅವರು ಅಂಕ ಹೇಳಿದರು. 1973ರ ಅಮೇಜಿಂಗ್ ಸ್ಪೈಡರ್‌ಮ್ಯಾನ್ 121 ಬಂದಾಗ ಸ್ಪೈಡರ್‌ಮ್ಯಾನ್‌ನ ಪ್ರೇಯಸಿ ಗ್ವೆನ್ ಸ್ಟೇಸಿ ಸಾಯುವುದನ್ನು ಹೇಳಲು ಶುರು ಮಾಡಿದರು. ಸೇತುವೆಯಿಂದ ಅವಳು ಬೀಳುವುದು, ಸ್ಪೈಡರ್‌ಮ್ಯಾನ್ ಬಲೆ ಎಸೆದು ಹಿಡಿಯುವುದು, ಹಿಡಿದರೂ ಅವಳು ಉಳಿಯದೇ ಇರುವುದು. ಇಷ್ಟು ವರ್ಷದಲ್ಲಿ ನನಗೆ ಇದನ್ನು ಒಮ್ಮೆಯೂ ಹೇಳಿರಲಿಲ್ಲ. ಅದು 9.6 ಅಂತೆ. ಪಕ್ಕಕ್ಕಿಟ್ಟಿದ್ದೇವೆ. ಓದುವ ಪ್ರತಿ ಒಂದು ಹುಡುಕಲು ಶುರು ಮಾಡಿದ್ದೇನೆ, ಈ ಸಲ ನನಗೋಸ್ಕರ.